ಸೊಣ್ಣಪ್ಪ ಮೇಷ್ಟ್ರ ಸೊನ್ನೆ

ಹತ್ತೊಂಬತ್ತು ವರ್ಷ ಈ ಮೈದಾನದಲ್ಲಿ ನಿಂತು
"ಶಕ್ತಿ ಹಾಕ್ರೋ, ಶಕ್ತಿ!" ಎಂದು ಕೂಗಿದವನು ನಾನು.
ಶಿಡ್ಲಘಟ್ಟದ ಗಾಳಿಗೆ ಗೂಡು ಬೇಯಿಸಿದ ವಾಸನೆ,
ನನ್ನ ವಿಸಲ್ಲಿಗೂ ಅದೇ.

ಹೊಂಗೆಯ ನೆರಳಲ್ಲಿ ಉತ್ತರಪತ್ರಿಕೆ ತಿದ್ದುತ್ತ
ಸೊಣ್ಣಪ್ಪ ಮೇಷ್ಟ್ರು ತಲೆಯೆತ್ತದೆ ಅಂದರು:
"ಶಕ್ತಿ ಅಲ್ಲ ಸಾರ್, ಬಲ.
ಶಕ್ತಿ ಅವಳು ಬೆಳಿಗ್ಗೆ ತಿಂದ ಮುದ್ದೆಯಲ್ಲಿದೆ."
ಕೆಂಪು ಶಾಯಿ ನನ್ನ ಬಾಯಿಗೂ ಬಂತು.

ಆಮೇಲೆ ಬಿಡಲೇ ಇಲ್ಲ.
ಗುಂಡಿನ ಮೂರು ಕೆಜಿ ತೂಕವಲ್ಲವಂತೆ, ರಾಶಿಯಂತೆ.
ರಾಶಿ ಅಂದರೆ ನನಗೆ ಕಣದಲ್ಲಿ ರಾಗಿಯದು,
ನೆತ್ತಿಯ ಮೇಲೊಂದು ಸಗಣಿಯ ಬೆನಕ.
"ಚಂದ್ರನ ಮೇಲೆ ತೂಕ ಆರರಲ್ಲೊಂದು ಪಾಲು,
ರಾಶಿ ಅಷ್ಟಕ್ಕಷ್ಟೇ."
ನಮ್ಮ ಗೂಡಿನ ಮಾರ್ಕೆಟ್ಟಿನ ಕಾಟಾ
ಎಷ್ಟೋ ದಿನ ಚಂದ್ರನ ಮೇಲೇ ಇರುತ್ತೆ, ಅಂದೆ.
ನಗಲಿಲ್ಲ.

ಒಂಬತ್ತನೇ ಕ್ಲಾಸಿನ ಗುಲ್ನಾಜ್
ಗುಂಡನ್ನು ಕುತ್ತಿಗೆಗೊತ್ತಿ ಹಾಗೇ ನಿಂತಿದ್ದಳು.
ಮೊಣಕೈ ನಡುಗುತ್ತಿತ್ತು.
"ಈಗ ಅವಳು ಮಾಡ್ತಿರೋ ಕೆಲಸ ಎಷ್ಟು ಮೇಷ್ಟ್ರೇ?"
"ಸೊನ್ನೆ. ಗುಂಡು ಕದಲಬೇಕು, ಬಲದ ದಿಕ್ಕಿಗೆ."
ಹುಡುಗಿ ಗುಂಡು ಇಳಿಸಲಿಲ್ಲ.
"ಅಮ್ಮಿ ತಲೆ ಮೇಲೆ ಗೂಡಿನ ಮೂಟೆ ಹೊತ್ತು ಬರ್ತಾಳೆ ಸಾರ್,
ಮಾರ್ಕೆಟ್ಟಿಂದ ಚರಕದ ಮನೆವರೆಗೂ. ಅದು?"
"ರಸ್ತೆ ಸಪಾಟಾ?"
"ಹೂಂ."
ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು.
"ಬುಕ್ಕಲ್ಲಿ ಸೊನ್ನೆ," ಅಂದರು ಮೆಲ್ಲಗೆ, "ಬುಕ್ಕಲ್ಲಿ."

ಅವತ್ತು ಸಂಜೆ ಚಪ್ಪಲಿ ಬಿಟ್ಟು ಅವರೇ ವೃತ್ತಕ್ಕಿಳಿದರು.
ಬಲ ಇದ್ದಷ್ಟೇ ಇರಲಿ, ತಳ್ಳುವ ಹೊತ್ತು ಹೆಚ್ಚಲಿ,
ಅದಕ್ಕೆ ಆವೇಗ ಅಂತಾರೆ.
(ಆವೇಗ ಅಂದರೆ ಸಿಟ್ಟು ಎಂದೇ ತಿಳಿದಿದ್ದೆ ಇಷ್ಟು ಕಾಲ.)
ಹಿಂಗಾಲಿಂದ ಸೊಂಟ, ಸೊಂಟದಿಂದ ಹೆಗಲು,
ಕಿರುಬೆರಳೂ ಬಿಟ್ಟುಕೊಡುವ ತನಕ ತಳ್ಳು ಮಗಳೇ.
ಗುಂಡು ಸುಣ್ಣದ ಗೆರೆಯಿಂದ ಒಂದು ಗೇಣು ಆಚೆ ಬಿತ್ತು.
ಟೇಪು ಹಿಡಿದು ಬಗ್ಗಿದವರೂ ಅವರೇ,
ಎರಡು ಸಲ ಅಳೆದರು.

ಈಗ ನಾನು "ಬಲ!" ಎಂದೇ ಕೂಗುತ್ತೇನೆ.
ಕೆಲಸ ಎಂಬ ಪದಕ್ಕೆ ಬಂದಾಗ ಮಾತ್ರ ನಾಲಿಗೆ
ಒತ್ತಿಹಿಡಿದ ಗುಂಡಿನ ಹಾಗೆ
ಕದಲದೆ ನಿಲ್ಲುತ್ತದೆ.

ಮೊನ್ನೆ ಮಾರ್ಕೆಟ್ಟಿಂದ ಆ ದಾರಿಯಲ್ಲೇ ಸೈಕಲ್ ತುಳಿದೆ.
ಮಸೀದಿ ದಾಟಿದ ಮೇಲೆ ಪೆಡಲು ಬಿಗಿಯಾಯಿತು.
ಕಣ್ಣಿಗೆ ಕಾಣದು, ಆದರೆ ರಸ್ತೆ ಏರಿದೆ,
ಸ್ವಲ್ಪ.
ಮೇಷ್ಟ್ರಿಗೆ ಹೇಳಬೇಕು.