ಒಂಬತ್ತು ಹತ್ತರ ದೀಪ

ಗುರುವಾರ ಸಂಜೆ ಬೆಂಡಿಗೋದ ಪುಟ್ಟ ರೇಡಿಯೋದಲ್ಲಿ
ಗ್ಲೆನಿಸ್ ಕೆಮ್ಮಿ, ಗಂಟಲು ಸರಿಮಾಡಿ, ವಾರದ ಸುದ್ದಿ ಓದುತ್ತಾಳೆ:
ಹೀತ್‌ಕೋಟ್ ಕಡೆಯ ಟವರು ಮತ್ತೆ ಮಲಗಿದೆ,
ಈಗಲ್‌ಹಾಕ್ ಲೈಬ್ರರಿಯಲ್ಲಿ ಮಂಗಳವಾರ
ಅಜ್ಜ ಅಜ್ಜಿಯರಿಗೆ ಮೊಬೈಲು ಪಾಠ, ಚಹಾ ಪುಕ್ಕಟೆ,
ಯಾರದೋ ದ್ರಾಕ್ಷಿತೋಟದ ಡ್ರೋನು
ಮ್ಯಾಗ್‌ಪೈ ಹಕ್ಕಿಯಿಂದ ಒದೆ ತಿಂದು ಬಿದ್ದಿದೆ.
ಕೇಳುತ್ತ ಲ್ಯಾಬಿನಲ್ಲಿ ನಾನು ಮೇಣದ ಹಲ್ಲು ಕೆತ್ತುತ್ತೇನೆ.
ಕಂಡವರ ಬಾಯಿಗೆ ಹಲ್ಲು ಮಾಡುವುದು ನನ್ನ ಕಸುಬು;
ಕೂದಲೆಳೆಯಷ್ಟು ಸಂದು ಬಿಟ್ಟರೂ
ಅಗುಳು ಹುಡುಕಿಕೊಂಡು ಅಲ್ಲಿಗೇ ಬರುತ್ತದೆ.

ಆ ವಾರ ಅವಳು ಹೇಳಿದ್ದು:
"ಹಳೇ ಮನೆ ಕೊಂಡವರೇ, ಬೀಗ ಬದಲಿಸಿದಿರಿ, ಸರಿ.
ಕರೆಗಂಟೆಯ ಕಣ್ಣು? ಅಂಗಳದ ಬಲ್ಬು?
ನಿಮ್ಮ ಹೀಟರು ಇನ್ನೂ ಯಾರ ಮಾತು ಕೇಳುತ್ತಿದೆ?"

ನನ್ನ ಉಳಿ ತಡೆಯಿತು.

ನಮ್ಮ ಜಗಲಿಯ ದೀಪ
(ಜಗಲಿ ಅಂದರೆ ಎರಡು ಹೆಜ್ಜೆ ಸಿಮೆಂಟು, ಒಂದು ಚಪ್ಪಲಿ ಗೂಡು,
ಗೋಡೆಗೆ ದೀಪ, ದೀಪಕ್ಕಂಟಿದ ಕ್ಯಾಮೆರಾ)
ನಾವು ಬಂದ ಏಪ್ರಿಲ್‌ನಿಂದಲೂ ರಾತ್ರಿ ಒಂಬತ್ತು ಹತ್ತಕ್ಕೆ
ತಾನೇ ಹತ್ತುತ್ತಿತ್ತು.
ಒಮ್ಮೊಮ್ಮೆ ಒಂಬತ್ತು ಹನ್ನೆರಡು, ಒಮ್ಮೆ ಒಂಬತ್ತೂಕಾಲು,
ಯಂತ್ರಕ್ಕಿಲ್ಲದ ಆಲಸ್ಯದಲ್ಲಿ.

"ಪೆಂಗೆಲ್ಲಿ ತಾತನದೇ ಕೈ ಇದು," ಅಂದಿದ್ದರು ನಮ್ಮವರು.
ಮನೆ ಮಾರಿ ಮಗಳ ಊರು ಸೇರಿದ ಕ್ಲೈವ್ ಪೆಂಗೆಲ್ಲಿ.
ಶೆಡ್ಡಿನ ಹಲಗೆಯ ಮೇಲೆ ಅವನ ಪೆನ್ಸಿಲ್ ಲೆಕ್ಕ ಇನ್ನೂ ಇದೆ.
ಉಳಿದ ಕತೆ ನಾವೇ ಹೆಣೆದೆವು:
ಹೆಂಡತಿ ಪಾಳಿ ಮುಗಿಸಿ ಆ ಹೊತ್ತಿಗೇ ಬರುತ್ತಿದ್ದಳು,
ಹೋದವಳಿಗೆ ದೀಪ ತೋರುವುದನ್ನು ಬಿಡಲಾರ, ಪಾಪ.
ಕಸದ ಡಬ್ಬ ಎಳೆಯುತ್ತ ಆ ಬೆಳಕಲ್ಲಿ ನಿಂತು
ಒಂದೆರಡು ಸಲ ಕೈ ಮುಗಿದೂ ಇದ್ದೆ.

ಶುಕ್ರವಾರ ಏಜೆಂಟನಿಂದ ನಂಬರು ಪಡೆದು ಫೋನು ಮಾಡಿದೆ.
"ದೀಪವೇ?" ಅಂದ ಮುದುಕ. "ಅದೆಲ್ಲ ಅಳಿಯನ ಹುಚ್ಚು.
ಆ ಫೋನನ್ನು ಮಾರ್ಚಿನಲ್ಲೇ ಹಳೇ ಸಾಮಾನಿನಂಗಡಿಗೆ ಕೊಟ್ಟೆ,
ಎರಡು ಕೋಟುಗಳ ಜೊತೆ. ಪಾಸ್‌ವರ್ಡೇ?
ಡಬ್ಬದ ಮೇಲೇ ಇತ್ತಲ್ಲ, ಒಂದು ಎರಡು ಮೂರು ನಾಲ್ಕು."
ಆಮೇಲೆ ಒಳಗೆ ಕೂಗಿದ: "ಮೇವಿಸ್, ನಮ್ಮ ಮನೆ ಕೊಂಡವರು!"
ಬದುಕಿದ್ದಳು.
ನಿಂಬೆಗಿಡಕ್ಕೆ ಬೂದಿ ಹಾಕುತ್ತಿದ್ದೀರಾ ಎಂದು ಕೇಳಿದಳು.

ಫೋನಿಟ್ಟ ಮೇಲೆ ಮನೆಯಲ್ಲಿ ಫ್ರಿಜ್ಜೊಂದೇ ಮಾತಾಡಿತು.
ಹಾಗಾದರೆ ನಾನು ಕೈ ಮುಗಿದದ್ದು ಯಾರಿಗೆ?

ಅಜ್ಜಿಯ ಕಾಲಕ್ಕೆ ಗುಬ್ಬಿಯಲ್ಲಿ ಬಾಗಿಲ ಮೇಲೆ
ಕೆಮ್ಮಣ್ಣಿನಲ್ಲಿ 'ನಾಳೆ ಬಾ' ಅಂತ ಬರೆಯುತ್ತಿದ್ದರಂತೆ.
ಗುರುತಿನವರ ದನಿಯಲ್ಲೇ ಕರೀತದೆ, ಓಗೊಡಬೇಡ, ಅನ್ನುತ್ತಿದ್ದಳು.
ಎಷ್ಟು ಮರ್ಯಾದಸ್ಥ ದೆವ್ವ ಅದು!
ಬರೆದದ್ದನ್ನು ಓದುತ್ತಿತ್ತು, ಓದಿ ಹಿಂದಿರುಗುತ್ತಿತ್ತು.
ಇದು ಕರೆಯುವುದೂ ಇಲ್ಲ.
ದೀಪ ಹಚ್ಚಿ ನೋಡುತ್ತದೆ, ಅಷ್ಟೆ.

ಸೀರೆಯ ಪಿನ್ನು ತಂದು ಕುರ್ಚಿ ಹತ್ತಿದೆ.
ಸಾಸಿವೆ ಗಾತ್ರದ ತೂತು;
ಹತ್ತು ಎಣಿಸುವ ತನಕ ಒತ್ತಿ ಹಿಡಿಯಿರಿ, ಅಂದಿದ್ದಳು ಗ್ಲೆನಿಸ್.
ಇಪ್ಪತ್ತು ಎಣಿಸಿದೆ.
ಕೆಂಪು ಚುಕ್ಕೆ ಮೂರು ಸಲ ರೆಪ್ಪೆ ಬಡಿದು ಎಲ್ಲ ಮರೆಯಿತು.
ಕುರ್ಚಿ ಹಿಡಿದಿದ್ದ ನೇಸರ ಕೇಳಿದಳು:
"ಅಮ್ಮಾ, ಅದಕ್ಕೆ ನಾವೂ ಮರೆತುಹೋದೆವಾ?"
"ಮೊದಲು ಅದೇ ಆಗಬೇಕು."
ಹೊಸ ಪಾಸ್‌ವರ್ಡು ಅವಳಿಗೂ ಹೇಳಿಲ್ಲ. ಉದ್ದ ಇದೆ.
ಅದರಲ್ಲೊಂದು ತಿಂಡಿಯ ಹೆಸರು, ಒಂದು ಬೈಗುಳ.

ಆ ರಾತ್ರಿ ಒಂಬತ್ತು ಹತ್ತಾಯಿತು.
ಹನ್ನೆರಡಾಯಿತು. ಕಾಲು.
ಜಗಲಿ ಕತ್ತಲಾಗೇ ಇತ್ತು.
ರಸ್ತೆಯಾಚೆ ಯಾರದೋ ನಾಯಿ ಒಮ್ಮೆ ಬೊಗಳಿ ಬಿಟ್ಟಿತು.
ಬಾಗಿಲ ಹಿಂದೆ ನಾನು
ಗೋಡೆಯ ಸ್ವಿಚ್ಚಿನ ಮೇಲೆ ಬೆರಳಿಟ್ಟು
ಪಾಳಿ ಮುಗಿಸಿ ಬರುವ ನಮ್ಮವರ ಕಾರಿನ ಸದ್ದಿಗೆ
ಕಿವಿಯಾಗಿ ನಿಂತಿದ್ದೆ.