ಗೆಣ್ಣಿನ ಕಿವಿ

ಶಹಾಬಾದ ರೋಡಿನಗುಂಟ ನಮ್ಮ ಪರ್ಸಿಯ ಅಡ್ಡಾ.
ಗಿರಾಕಿ ಬಂದರ ಮಶಾಕ್ ಚಾಚಾ
ಬೀಡಿ ಆರಿಸಿ, ಬೆರಳ ಗೆಣ್ಣಿನಿಂದ
ಹಾಸುಗಲ್ಲ ಬಡಿದು ಕಣ್ಣು ಮುಚ್ಚತಾನ.
ಖಣ್ ಅಂದರ ಮನಿಗಿ.
ಬದ್ ಅಂದರ ಒಳಗ ಎಲ್ಲೋ ಬಿರುಕು,
ಬಚ್ಚಲಿಗೂ ಬ್ಯಾಡ.

ಈಗ ಎದುರಿಗಿ ಮೊಬೈಲ್ ಅಂಗಡಿ.
ಮುಂಜಾನಿಂದ ಒಂದೇ ಆಫರು ಒದರೋ ಡಬ್ಬಾ,
ಸಿಮೆಂಟ್ ಲಾರಿಯ ಹಾರ್ನು, ಯಾರದೋ ಮದುವಿ ಡೀಜೆ,
ನನ್ನ ಅಂಗೈಯಾಗ ಹದಿನೈದು ಸೆಕೆಂಡಿಗೊಂದು ನಗಿ.
ಚಾಚಾ ಮೂರು ಸಲ ಬಡಿದ. ನಾಕು ಸಲ.
ಲಾರಿ ಹಾಯೋತನಕ ಗೆಣ್ಣು ಗಾಳಿಯಾಗೇ ಇತ್ತು.

ಮತ್ತ ಬಗ್ಗಿ, ಕಲ್ಲಿಗಿ ದವಡಿ ಹಚ್ಚಿ ಬಡಿದ.
"ಕಿವಿ ಸುಳ್ಳು ಹೇಳ್ಲಾಕತ್ತಾವ,
ಎಲುಬು ಇನ್ನಾ ಕಲ್ತಿಲ್ಲ. ನೀನೂ ಹಚ್ಚು."

ಹಚ್ಚಿದೆ. ಬಿಸಿಲು ಕುಡಿದ ಕಲ್ಲು, ಸುಣ್ಣದ ವಾಸನಿ.
ಗುರ್ ಅಂತ ನಡುಗಿತು ಏನೋ.
"ಚಾಚಾ, ಇದು ಒಡದದ!"
"ನಾ ಇನ್ನಾ ಬಡದೇ ಇಲ್ಲಲ್ಲೋ."

ಕಿಸೆ ಮುಟ್ಟಿ ನೋಡಿದೆ, ಖಾಲಿ.
ಫೋನು ಒಳಗ ಚಾರ್ಜಿಗಿತ್ತು.

ಚಾಚಾ ಎದ್ದು, ನನ್ನ ನೆತ್ತಿಗಿ
ಮೆಲ್ಲಗ ಗೆಣ್ಣು ಬಡಿದ,
ಕಣ್ಣು ಮುಚ್ಚಿದ,
ಲಾರಿ ಹೋಗಲಿ ಅಂತ ಕಾದ.