ತಡಿ

ಜಪಾನಿನವರು ಅದಕ್ಕಿಟ್ಟ ಹೆಸರು ಶುಗೋಶಿನ್.
ಕಾವಲು ದೇವರು ಎಂದರ್ಥವಂತೆ.
ಡಾಕ್ಟರ್ ಲಾಪ್ವಾಂತ್ ಅದನ್ನು ಮೂರು ಸಲ ಹೇಳಿದರು,
ಸೊಲಾಂಜ್ ಮೂರು ಸಲವೂ ನಕ್ಕಳು:
"ನಮ್ಮೂರ ಚರ್ಚಿನಲ್ಲಿ ಇಷ್ಟೊಂದು ಸಂತರಿದ್ದೂ
ನನ್ನ ಪಾಲಿಗೆ ಬಂದವನು ಈ ದೂರದವನೇ,
ಅದೂ ನಿದ್ದೆಗಣ್ಣಿನವನು!"

ಔಷಧಿ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು.
ಒಂದು ಜೀವಕೋಶ ಎರಡಾಗುವ ಮೊದಲು
ಒಳಗಿನ ಎಳೆಗಳೆಲ್ಲ ಜೋಡಿ ಜೋಡಿ, ಅಕ್ಕ ತಂಗಿ,
ನಡುವಿಗೆ ನಡು ತಗುಲಿಸಿ ನಿಲ್ಲುತ್ತವೆ.
ಕಟ್ಟು ಬಿಚ್ಚುವವನು ಕತ್ತರಿ ಮಸೆಯುತ್ತ ಬರುತ್ತಾನೆ.
ಇವನು ಗಂಟಿನ ಮೇಲೆ ಕುಳಿತು
ತಡಿ, ಇನ್ನೂ ಹೊತ್ತಾಗಿಲ್ಲ, ಅನ್ನುತ್ತಾನೆ.
ಅಷ್ಟೇ ಅವನ ಕೆಲಸ.
ತಡಿ ಅನ್ನುವುದು.
ಆಮೇಲೆ, ಹೊತ್ತಾದ ಮೇಲೆ,
ಸುಮ್ಮನೆ ಎದ್ದು ಹೋಗುವುದು.

ಮುನ್ನೂರು ಚಿಲ್ಲರೆ ವರ್ಷದ ಹಿಂದೆ ಹಡಗಿಳಿದ ಯಾರೋ
ಗೋಧಿ ಬೀಜ, ಕಬ್ಬಿಣದ ಬಾಣಲೆ, ಒಂದು ಜಪಮಾಲೆ,
ಜೊತೆಗೆ ತಪ್ಪಿದ ಒಂದಕ್ಷರ ತಂದರು.
ಅಪ್ಪನಿಗೊಂದು ಬಂತು, ಅಮ್ಮನಿಗೊಂದು.
ಸೊಲಾಂಜಳಿಗೆ ಎರಡೂ.
ನನಗೆ ಒಂದೇ; ಒಂದಿದ್ದರೆ ಏನೂ ಆಗುವುದಿಲ್ಲವಂತೆ.
ಪಾಲು ಹಂಚುವಾಗ ನೀನು ಯಾವಾಗಲೂ ಜಾಣೆ
ಎಂದು ಅಮ್ಮ ಬಯ್ಯುತ್ತಿದ್ದಳು,
ಕೇಕಿನ ವಿಷಯಕ್ಕೆ.

ಅವಳ ಎದೆ ತಡೆದು ತಡೆದು ಬಡಿಯುತ್ತದೆ.
ಮರೆತಾಗಲೆಲ್ಲ ಜ್ಞಾಪಿಸಲು
ಹೆಗಲೆಲುಬಿನ ಕೆಳಗೆ ಬೆಂಕಿಪೊಟ್ಟಣದಷ್ಟು ಯಂತ್ರ.
ಕರುಳಿಗೆ ಅಂಥದ್ದೇನೂ ಇಲ್ಲ. ಅದು
ಚಳಿಗಾಲದ ಸಾಗನೇ ನದಿಯ ಹಾಗೆ ಅಲುಗದೆ ಮಲಗಿದೆ.
ರಾತ್ರಿಯಿಡೀ ಚೀಲದಿಂದ ಹಾಲುಬಣ್ಣದ ಊಟ
ನೇರ ರಕ್ತಕ್ಕೆ, ತೊಟ್ಟು ತೊಟ್ಟು.

ಆದರೂ ಫೆಬ್ರವರಿ ಬಂದರೆ ಹೆಪ್ಪುಗಟ್ಟಿದ ನದಿಯ ಮೇಲೆ
ನಮ್ಮ ಕೆಂಪು ಗೂಡನ್ನು ಎಳೆದು ನಿಲ್ಲಿಸಲೇಬೇಕು.
ತೂತು ಕೊರೆದು ದಾರ ಇಳಿಬಿಡುತ್ತೇವೆ.
ಅವಳು ಹಿಡಿದ ಮೀನು ನಾನು ಹುರಿದು ತಿನ್ನುತ್ತೇನೆ,
ಅವಳು ವಾಸನೆ ಎಳೆದುಕೊಂಡು
"ಉಪ್ಪು ಕಮ್ಮಿ" ಅನ್ನುತ್ತಾಳೆ.
ಕಮ್ಮಿಯೇ ಇರುತ್ತದೆ.

ನಿನ್ನೆ ಹಿಂತಿರುಗುವಾಗ ಕಾಲಡಿ ಗಾಜಿನಷ್ಟು ನುಣುಪು.
ಮೊಣಕೈ ಹಿಡಿದುಕೊಂಡೆ. ದಡದ ಹತ್ತಿರ
"ಕೈ ಬಿಡೇ, ನಾನೇ ನಡೀತೀನಿ" ಅಂದಳು.
ತಡಿ, ಅಂದೆ.
ಕೆಳಗೆಲ್ಲೋ ನೀರು ಸರಿಯುವ ಸದ್ದು.
ಅಷ್ಟು ದಪ್ಪ ಕೋಟಿನ ಮೇಲಿಂದ
ಯಾರ ನಾಡಿಯೂ ಸಿಗುವುದಿಲ್ಲ.
ಕೈಗವಸಿನೊಳಗೆ ಬಡಿಯುತ್ತಿದ್ದದ್ದು ನನ್ನದೇ.
ಅದನ್ನೇ ಅವಳದೆಂದು ಎಣಿಸುತ್ತ
ಇನ್ನೂ ನಾಲ್ಕು ಹೆಜ್ಜೆ.